ಬೋರಾನ್-12ರ ಸ್ಪಿನ್ ಹಿಡಿಯಲು ಕಟ್ಟಿದ ಸೆಟಪ್: ಮೂರು ತಿಂಗಳ ಕೆಲಸದ ದಾಖಲೆ

ನಿನ್ನೆ ರಾತ್ರಿ ಕೊನೆಯ ರನ್ ಮುಗಿಯಿತು. ಏಪ್ರಿಲ್‌ನಿಂದ ಕಟ್ಟುತ್ತಿದ್ದ ಬೀಟಾ-ಎನ್‌ಎಂಆರ್ ಸೆಟಪ್ (ನ್ಯೂಕ್ಲಿಯಸ್‌ನ ಸ್ಪಿನ್, ಅಂದರೆ ಅದರ ಬುಗುರಿಯಂಥ ತಿರುಗುವಿಕೆ, ಯಾವ ಕಡೆಗಿದೆ ಅಂತ ಬೀಟಾ ಕಣಗಳಿಂದ ತಿಳಿಯುವ ಸಾಧನ) ಈಗ ನಂಬುವ ಹಾಗೆ ಕೆಲಸ ಮಾಡುತ್ತಿದೆ. ನಾನು ಜಪಾನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮದು ಚಿಕ್ಕ ಲ್ಯಾಬ್, ಹಳೆಯ ವಾನ್ ಡಿ ಗ್ರಾಫ್ ಯಂತ್ರ (ಕಣಗಳಿಗೆ ವೇಗ ಕೊಟ್ಟು ಬೀಮ್ ಮಾಡುವುದು). ಇಂಥ ಕೆಲಸಕ್ಕೆ ಕೈಹಾಕುವವರಿಗೆ ಪೇಪರ್‌ಗಳಲ್ಲಿ ಸಿಗದ ವಿಷಯಗಳೇ ಜಾಸ್ತಿ ಬೇಕಾಗುತ್ತವೆ. ಅದಕ್ಕೇ ತಪ್ಪುಗಳ ಸಮೇತ ಬರೆದಿಡುತ್ತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. 1.5 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಡ್ಯೂಟೆರಾನ್ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿದ ಕಣ) ಬೀಮ್ ಟಾರ್ಗೆಟ್‌ನಲ್ಲಿರುವ ಬೋರಾನ್-11ಕ್ಕೆ ಬಡಿದರೆ ಒಂದು ಪ್ರೋಟಾನ್ ಹೊರಬಿದ್ದು ಬೋರಾನ್-12 ಹುಟ್ಟುತ್ತದೆ. ಅದರ ಅರ್ಧಾಯು 20 ಮಿಲಿಸೆಕೆಂಡ್. ಬೀಮ್‌ನಲ್ಲಿ ಸ್ಪಿನ್‌ಗಳು ದಿಕ್ಕಾಪಾಲು, ಟಾರ್ಗೆಟ್‌ನಲ್ಲೂ ದಿಕ್ಕಾಪಾಲು. ಆದರೂ ಬೀಮ್‌ನ ಎಡಕ್ಕೆ ಸಿಡಿಯುವ ಬೋರಾನ್-12ಗಳನ್ನಷ್ಟೇ ಹಿಡಿದರೆ ಅವುಗಳ ಸ್ಪಿನ್ ಸ್ವಲ್ಪ ಒಂದೇ ಕಡೆಗೆ, ಮೇಲಕ್ಕೋ ಕೆಳಕ್ಕೋ, ವಾಲಿರುತ್ತದೆ. ಬಲಕ್ಕೆ ಸಿಡಿದವು ಅದಕ್ಕೆ ತದ್ವಿರುದ್ಧ. ಎರಡನ್ನೂ ಸೇರಿಸಿ ಹಿಡಿದರೆ ಏನೂ ಉಳಿಯುವುದಿಲ್ಲ. ಆ ವಾಲುವಿಕೆಗೇ ಪೋಲರೈಸೇಶನ್ ಅನ್ನುತ್ತಾರೆ.

ಅದನ್ನು ಕಾಣುವುದು ಬೀಟಾ ಕಣಗಳಿಂದ, ಅಂದರೆ ಬೋರಾನ್-12 ಕೊಳೆಯುವಾಗ ಹೊರಬರುವ ಎಲೆಕ್ಟ್ರಾನ್‌ಗಳಿಂದ. 1957ರಲ್ಲಿ ವೂ ಅವರ ಗುಂಪು ಕೋಬಾಲ್ಟ್-60ರಲ್ಲಿ ತೋರಿಸಿದ ಹಾಗೆ, ಬೀಟಾ ಕಣಗಳು ಎಲ್ಲಾ ಕಡೆ ಸಮನಾಗಿ ಹೊರಡುವುದಿಲ್ಲ. ಬೋರಾನ್-12ರಲ್ಲಿ ಸ್ಪಿನ್‌ನ ಎದುರು ದಿಕ್ಕಿಗೆ ಜಾಸ್ತಿ ಹೊರಡುತ್ತವೆ. ಮೇಲೊಂದು, ಕೆಳಗೊಂದು ಕೌಂಟರ್ ಇಟ್ಟು, ರೇಡಿಯೋ ಅಲೆಯಿಂದ ಸ್ಪಿನ್ ಮಗುಚಿ, ಎಣಿಕೆಯ ಅನುಪಾತ ಬದಲಾಯಿತಾ ಅಂತ ನೋಡಬೇಕು. ಒಸಾಕಾ ವಿಶ್ವವಿದ್ಯಾಲಯದಲ್ಲಿ ಸುಗಿಮೊಟೊ ಮತ್ತು ಜೊತೆಗಾರರು 1965ರಲ್ಲಿ ಇದೇ ದಾರಿಯಲ್ಲಿ ಫ್ಲೋರಿನ್-17ರ ಕಾಂತ ಮೊಮೆಂಟ್ (ಆ ನ್ಯೂಕ್ಲಿಯಸ್ ಎಷ್ಟು ಬಲದ ಪುಟ್ಟ ಅಯಸ್ಕಾಂತ ಅನ್ನುವುದು) ಅಳೆದರು. 1990ರಲ್ಲಿ ಜಪಾನಿನ ಸಂಶೋಧನಾ ಸಂಸ್ಥೆ ರಿಕೆನ್‌ನಲ್ಲಿ ಅಸಾಹಿ ಅವರ ಗುಂಪು ವೇಗದ ನೈಟ್ರೋಜನ್-14 ಬೀಮ್ ಒಡೆದು ಬಂದ ಬೋರಾನ್-12ರಲ್ಲೂ ಪೋಲರೈಸೇಶನ್ ಕಂಡಿತು. ಅಲ್ಲೂ ಕೀಲಿ ಒಂದೇ: ಒಂದು ಬದಿಯ ಕೋನವನ್ನು ಮಾತ್ರ ಆರಿಸುವುದು.

ಏಪ್ರಿಲ್ 7. ಮ್ಯಾಗ್ನೆಟ್ ಹುಡುಕಾಟ

ಗೋದಾಮಿನಲ್ಲಿ ಸಿ ಆಕಾರದ ಕಬ್ಬಿಣದ ಚೌಕಟ್ಟು ಸಿಕ್ಕಿತು. ಕಾಯಿಲ್ ಸುಟ್ಟುಹೋಗಿತ್ತು. ಕಬ್ಬಿಣ ಚೆನ್ನಾಗಿತ್ತು. ಧ್ರುವಗಳ ವ್ಯಾಸ 120 ಮಿ.ಮೀ., ನಡುವಿನ ಜಾಗ 80 ಮಿ.ಮೀ. ಬೀಟಾ ಕಣ ಮೇಲೆ ಕೆಳಗೆ ಹೊರಬರಬೇಕಲ್ವಾ, ಅದಕ್ಕೆ ಎರಡೂ ಧ್ರುವಗಳ ನಟ್ಟನಡುವೆ ಒಂದೊಂದು 40 ಮಿ.ಮೀ. ತೂತು ಕೊರೆಸಿದೆ. ವರ್ಕ್‌ಶಾಪ್‌ನ ಹಿರಿಯರು ಎರಡು ದಿನದಲ್ಲಿ ಮಾಡಿಕೊಟ್ಟರು.

ಸ್ಪಿನ್‌ಗಳನ್ನು ಮೇಲೆ-ಕೆಳಗಿನ ದಿಕ್ಕಿನಲ್ಲಿ ಹಿಡಿದಿಡಲು ನನಗೆ ಬೇಕಿದ್ದ ಕಾಂತ ಕ್ಷೇತ್ರ 600 ಗಾಸ್. ಲೆಕ್ಕ ಹಾಕಿದೆ: ಎರಡು ಕಾಯಿಲ್, ಒಂದೊಂದರಲ್ಲಿ 320 ಸುತ್ತು, 6.5 ಆಂಪಿಯರ್. 2 ಮಿ.ಮೀ. ಎನಾಮಲ್ ತಾಮ್ರದ ತಂತಿ ಸುಮಾರು 9 ಕೆ.ಜಿ., 26 ಸಾವಿರ ಯೆನ್.

ಏಪ್ರಿಲ್ 12ರಿಂದ 20. ಕಾಯಿಲ್ ಸುತ್ತಿದ್ದು

ತಿಪಟೂರಿನಲ್ಲಿ ನಮ್ಮ ಅಪ್ಪನದು ಮೋಟಾರ್ ರೀವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರ್‌ಗಳ ವಾಸನೆಯಲ್ಲೇ ನಾನು ಬೆಳೆದದ್ದು. ಆದರೂ ಒಂದು ಕಾಯಿಲನ್ನು ಶುರುವಿನಿಂದ ಕೊನೆಯವರೆಗೆ ನನ್ನ ಕೈಯಾರೆ ಸುತ್ತಿರಲಿಲ್ಲ.

ಮೊದಲ ಕಾಯಿಲ್ ಒಂದೇ ದಿನದಲ್ಲಿ ಸುತ್ತಿ ಮುಗಿಸಿದೆ. ಒಂದು ಪದರಕ್ಕೆ 20 ಸುತ್ತು, 16 ಪದರ. ಚೌಕಟ್ಟಿಗೆ ಕೂರಿಸಿ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಿಡಿದರೆ ಮುಳ್ಳು ಸೊನ್ನೆಗೆ ಹೋಯಿತು. ತಂತಿ ಎಲ್ಲೋ ಲೋಹಕ್ಕೆ ತಾಗುತ್ತಿದೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಅಚ್ಚು ತೋರಿಸಿದೆ. ಅವರು ಕ್ಯಾಮೆರಾ ಹತ್ತಿರ ತರಲು ಹೇಳಿ, ಅಲ್ಯೂಮಿನಿಯಂ ಅಚ್ಚಿನ ಅಂಚನ್ನು ನೋಡಿದ ಕೂಡಲೇ ಹೇಳಿದರು:

"ಅಂಚು ಚಾಕು ಇದ್ದಂಗೈತೆ ಪುಟ್ಟಿ. ಎನಾಮಲ್ ಕೆರೆದು ಹಾಕೈತೆ. ಅರದಲ್ಲಿ ಉಜ್ಜಿ ದುಂಡಗೆ ಮಾಡು. ಆಮೇಲೆ ಲೆದರಾಯ್ಡ್ ಪೇಪರ್ ಹಾಕದೆ ಒಂದು ಸುತ್ತೂ ಸುತ್ತಬೇಡ."

"ಈಗ ಸುತ್ತಿರೋದನ್ನ ಏನು ಮಾಡ್ಲಿ ಅಪ್ಪ?"

"ಬಿಚ್ಚು. ಕೆರೆದ ತಂತೀನ ಮತ್ತೆ ಸುತ್ತೋಕೆ ಹೋಗಬೇಡ ಕಣಮ್ಮ."

ಬಿಚ್ಚಿದೆ. ಒಳಗಿನ ಪದರದ ತಂತಿಯನ್ನು ದೀಪದ ಕೆಳಗೆ ಹಿಡಿದರೆ, ಪ್ರತಿ ಸುತ್ತಿಗೊಂದರಂತೆ, ಅಂಚು ತಾಗಿದ ಜಾಗದಲ್ಲಿ ಅಕ್ಕಿಕಾಳಿನ ಉದ್ದಕ್ಕೆ ತಾಮ್ರ ಬೆತ್ತಲೆಯಾಗಿ ಹೊಳೆಯುತ್ತಿತ್ತು. ಸುಮಾರು 40 ಮೀಟರ್ ತಂತಿ ಬಿಸಾಡಿದೆ. ಇಲ್ಲಿ ಲೆದರಾಯ್ಡ್ (ಕಾಯಿಲ್‌ಗೆ ಹಾಕುವ ಇನ್ಸುಲೇಶನ್ ಕಾಗದ) ಸಿಗಲಿಲ್ಲ. ಅದರ ಬದಲು ಪಾಲಿಇಮೈಡ್ ಟೇಪ್ ಎರಡು ಪದರ ಹಾಕಿದೆ. ಎರಡನೇ ಸಲ ನಾಲ್ಕು ದಿನ ಹಿಡಿಯಿತು. ಪ್ರತಿ ಪದರ ಮುಗಿದ ಮೇಲೆ ಎಣಿಕೆ ಬರೆದು, ವಾರ್ನಿಷ್ ಬಳಿದು ಮುಂದಕ್ಕೆ ಹೋದೆ. ಎರಡು ಕಾಯಿಲ್‌ಗಳ ರೆಸಿಸ್ಟೆನ್ಸ್ 0.87 ಮತ್ತು 0.88 ಓಮ್ ಬಂತು. ಎರಡೂ ಇಷ್ಟು ಹತ್ತಿರ ಬಂದರೆ ಒಳಗೆ ಸುತ್ತು ಶಾರ್ಟ್ ಆಗಿಲ್ಲ ಅಂತ ಧೈರ್ಯ ತಂದುಕೊಳ್ಳಬಹುದು.

6.5 ಆಂಪಿಯರ್‌ಗೆ ನಡುವೆ 600 ಗಾಸ್ ಸಿಕ್ಕಿತು. ಬೋರಾನ್-12ಗಳನ್ನು ಹಿಡಿಯುವ ಫಾಯಿಲ್ ಕೂರುವ 20 ಮಿ.ಮೀ. ಜಾಗದಲ್ಲಿ ಏರುಪೇರು ಅರ್ಧ ಶೇಕಡಾ. ಇಷ್ಟು ಸಾಕು.

ಏಪ್ರಿಲ್ 28. ಚೇಂಬರ್ ಮತ್ತು ಸೀಳು

ಅಲ್ಯೂಮಿನಿಯಂ ಚೇಂಬರ್, ಎತ್ತರ 70 ಮಿ.ಮೀ. ಮೇಲೆ ಕೆಳಗೆ ಬೀಟಾಗೆ ತೆಳು ಕಿಟಕಿ. ಟಾರ್ಗೆಟ್ ಮುಖ ಬೀಮ್‌ಗೆ 15 ಡಿಗ್ರಿ ಓರೆ. ಅಲ್ಲಿಂದ 50 ಮಿ.ಮೀ. ದೂರದಲ್ಲಿ 13 ಮಿ.ಮೀ. ಅಗಲದ ಸೀಳು. ಅದು 40ರಿಂದ 55 ಡಿಗ್ರಿ ನಡುವೆ ಬರುವ ನ್ಯೂಕ್ಲಿಯಸ್‌ಗಳನ್ನು ಮಾತ್ರ ಒಳಗೆ ಬಿಡುತ್ತದೆ. ಸೀಳಿನ ಹಿಂದೆ ಪ್ಲಾಟಿನಂ ಫಾಯಿಲ್, 25 ಮಿ.ಮೀ. ಚೌಕ, 20 ಮೈಕ್ರಾನ್ ದಪ್ಪ, 32 ಸಾವಿರ ಯೆನ್. ಇಡೀ ಸೆಟಪ್‌ನಲ್ಲಿ ದುಬಾರಿ ಬಿಡಿಭಾಗ ಇದೇ. ಪ್ಲಾಟಿನಂ ಒಳಗೆ ಬೋರಾನ್-12ರ ಪೋಲರೈಸೇಶನ್ ಅದರ ಆಯುಸ್ಸಿಗಿಂತ ಬಹಳ ಹೆಚ್ಚು ಹೊತ್ತು ಉಳಿಯುತ್ತದೆ, ಹಾಗಾಗಿ ಇಲ್ಲಿ ಜುಗ್ಗತನ ಬೇಡ ಅನ್ನಿಸಿತು.

ಫಾಯಿಲ್‌ನ ಎರಡು ಪಕ್ಕಕ್ಕೆ ರೇಡಿಯೋ ಅಲೆಯ ಕಾಯಿಲ್ ಜೋಡಿ: 8 ಸುತ್ತು ಅತ್ತ, 8 ಸುತ್ತು ಇತ್ತ, 20 ಮಿ.ಮೀ. ತ್ರಿಜ್ಯ, ಬರಿಯ ತಾಮ್ರದ ತಂತಿ, ಸೆರಾಮಿಕ್ ಕಡ್ಡಿಗಳ ಮೇಲೆ. ಮೊದಲು ಎನಾಮಲ್ ತಂತಿಯಲ್ಲೇ ಮಾಡಿದ್ದೆ. ವ್ಯಾಕ್ಯೂಮ್‌ನಲ್ಲಿ ಶಾಖ ಹೊರಹೋಗಲು ಗಾಳಿಯೇ ಇಲ್ಲವಲ್ಲ, ಎನಾಮಲ್ ಬೆಂದು ಒತ್ತಡ ಏರಿತು. ಕಿತ್ತು ಬರಿಯ ತಂತಿ ಹಾಕಿದೆ. ಸರಣಿಯಲ್ಲಿ 20 ನ್ಯಾನೋಫ್ಯಾರಡ್ ಮೈಕಾ ಕೆಪಾಸಿಟರ್, 50 ಓಮ್ ರೆಸಿಸ್ಟರ್, ಪಕ್ಕದ ಗುಂಪಿನಿಂದ ಎರವಲು ತಂದ 100 ವ್ಯಾಟ್ ಆಂಪ್ಲಿಫೈಯರ್.

ಮೇ 10. ಟಾರ್ಗೆಟ್ ಉದುರಿತು

ಟ್ಯಾಂಟಲಮ್ ಹಾಳೆಯ ಮೇಲೆ ಬೋರಾನ್-11ನ್ನು ಎಲೆಕ್ಟ್ರಾನ್ ಬೀಮ್‌ನಿಂದ ಆವಿ ಮಾಡಿ ಕೂರಿಸಿದೆ. ಹೊರತೆಗೆದಾಗ ಕಂದುಗಪ್ಪಾಗಿ, ನುಣ್ಣಗೆ, ನೋಡಲು ಚೆಂದವಾಗಿತ್ತು. ಮೇಜಿನ ಮೇಲಿಟ್ಟು ಟೀ ಕುಡಿದು ಬರುವಷ್ಟರಲ್ಲಿ ಅಂಚು ಸುರುಳಿ ಸುತ್ತಿಕೊಂಡಿತ್ತು. ಚಿಮಟದಲ್ಲಿ ಎತ್ತಿದ ಕೂಡಲೇ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಬೋರಾನ್ ಪದರದೊಳಗೆ ಸೆಳೆತ ಜಾಸ್ತಿ. ತಣ್ಣಗಿನ, ನುಣುಪಾದ ಲೋಹದ ಮೇಲೆ ಅದು ನಿಲ್ಲುವುದಿಲ್ಲ.

ಎರಡನೇ ಸಲ ಇನ್ನೂ ದಪ್ಪ ಹಾಕಿದೆ. ಅದು ಇನ್ನೂ ಬೇಗ ಉದುರಿತು. ಇಲ್ಲಿ ದಪ್ಪ ಮಾಡಿ ಲಾಭವೂ ಇರಲಿಲ್ಲ. 45 ಡಿಗ್ರಿಗೆ ಹೊರಡುವ ಬೋರಾನ್-12ರ ಶಕ್ತಿ ಬರೀ 0.37 ಎಂಇವಿ. ಅದು ಬೋರಾನ್‌ನಲ್ಲಿ ಒಂದು ಮೈಕ್ರಾನ್ ಕೂಡ ದಾಟುವುದಿಲ್ಲ, ಆಳದಲ್ಲಿ ಹುಟ್ಟಿದ್ದೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಲೆಕ್ಕ ಮೊದಲೇ ಮಾಡಬೇಕಿತ್ತು.

ಮೂರನೇ ಸಲ ಟ್ಯಾಂಟಲಮ್ ಅನ್ನು ಎಮರಿ ಕಾಗದದಲ್ಲಿ ಉಜ್ಜಿ ಒರಟು ಮಾಡಿ, ಹಿಂದಿನಿಂದ 350 ಡಿಗ್ರಿಗೆ ಕಾಯಿಸಿ, ಚದರ ಸೆಂಟಿಮೀಟರ್‌ಗೆ 150 ಮೈಕ್ರೋಗ್ರಾಂ ಮಾತ್ರ ಕೂರಿಸಿದೆ. ನಿಧಾನಕ್ಕೆ ಆರಲು ಬಿಟ್ಟೆ. ಅದು ಇವತ್ತಿನವರೆಗೂ ನಿಂತಿದೆ.

ಮೇ 18. ಕೌಂಟರ್‌ಗಳು

ಮೇಲೊಂದು, ಕೆಳಗೊಂದು ಟೆಲಿಸ್ಕೋಪ್, ಅಂದರೆ ಒಂದರ ಹಿಂದೆ ಒಂದಿಟ್ಟ ಕೌಂಟರ್ ಜೋಡಿ. ಒಂದೊಂದರಲ್ಲೂ ತೆಳುವಾದ 1 ಮಿ.ಮೀ. ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು), ಅದರ ಹಿಂದೆ 20 ಮಿ.ಮೀ. ದಪ್ಪದ್ದು. ಎರಡರಲ್ಲೂ ಒಟ್ಟಿಗೆ ಸಿಗ್ನಲ್ ಬಂದರೆ ಮಾತ್ರ ಎಣಿಕೆ.

ತೊಂದರೆ ಕೊಟ್ಟದ್ದು ಫೋಟೋಮಲ್ಟಿಪ್ಲೈಯರ್, ಆ ಮಿನುಗನ್ನು ವಿದ್ಯುತ್ ಸಿಗ್ನಲ್ ಮಾಡುವ ಕೊಳವೆ. ಮ್ಯಾಗ್ನೆಟ್ ಆನ್ ಮಾಡಿದ ಕೂಡಲೇ ಸಿಗ್ನಲ್ ಅರ್ಧಕ್ಕೆ ಇಳಿಯಿತು. ಕಾಂತ ಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಲೋಹದ ಕವಚ ಇತ್ತು, ಆದರೆ ಹೊರಗಿನ ಕಾಂತ ಕ್ಷೇತ್ರ ಜಾಸ್ತಿಯಾದರೆ ಮ್ಯೂ-ಮೆಟಲ್ ತುಂಬಿಹೋಗಿ ಏನೂ ತಡೆಯುವುದಿಲ್ಲ. ಅದರ ಹೊರಗೆ 6 ಮಿ.ಮೀ. ದಪ್ಪದ ಮೆದು ಕಬ್ಬಿಣದ ಪೈಪ್ ತೊಡಿಸಿದೆ, 9 ಸಾವಿರ ಯೆನ್. ಕಬ್ಬಿಣ ಮೊದಲ ಹೊಡೆತ ತಿನ್ನಬೇಕು, ಉಳಿದದ್ದನ್ನು ಮ್ಯೂ-ಮೆಟಲ್ ನೋಡಿಕೊಳ್ಳುತ್ತದೆ. ಸಿಂಟಿಲೇಟರ್‌ನ ಬೆಳಕನ್ನು ಅಲ್ಲಿಗೆ ತಲುಪಿಸುವ ಲೈಟ್ ಗೈಡ್ ಅನ್ನೂ 30 ಸೆಂ.ಮೀ.ಗೆ ಉದ್ದ ಮಾಡಿದೆ. ಆಮೇಲೆ ಮ್ಯಾಗ್ನೆಟ್ ಆನ್, ಆಫ್ ಮಾಡಿದಾಗ ವ್ಯತ್ಯಾಸ 1 ಶೇಕಡಾಕ್ಕಿಂತ ಕಡಿಮೆಯಾಯಿತು. ಮ್ಯಾಗ್ನೆಟ್ ದಿಕ್ಕು ತಿರುಗಿಸಿ ಹೋಲಿಸುವ ಯೋಚನೆಯನ್ನು ಅವತ್ತೇ ಕೈಬಿಟ್ಟೆ.

ಮೇ 25. ಮೊದಲ ಬೀಮ್

ಡ್ಯೂಟೆರಾನ್ ಬೀಮ್ ಅಂದರೆ ನ್ಯೂಟ್ರಾನ್ ಬರುತ್ತದೆ. ಬೀಮ್ ಇದ್ದಾಗ ಯಂತ್ರದ ಹಾಲ್‌ಗೆ ಯಾರೂ ಹೋಗುವ ಹಾಗಿಲ್ಲ. ಒಂದು ಸ್ಕ್ರೂ ಬಿಗಿ ಮಾಡಲೂ ಬೀಮ್ ನಿಲ್ಲಿಸಿ, ಕಾದು, ಅಳೆದು, ಒಳಗೆ ಹೋಗಬೇಕು. ದಿನದ ಅರ್ಧ ಸಮಯ ಇದಕ್ಕೇ ಹೋಗುತ್ತದೆ, ಯೋಜನೆ ಹಾಕುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

20 ಮಿಲಿಸೆಕೆಂಡ್ ಬೀಮ್, ಆಮೇಲೆ 40 ಮಿಲಿಸೆಕೆಂಡ್ ಎಣಿಕೆ. ಕೊಳೆಯುವ ವಕ್ರರೇಖೆ ಪರದೆ ಮೇಲೆ ಬಂತು. ಅರ್ಧಾಯು 20 ಮಿಲಿಸೆಕೆಂಡ್‌ಗೇ ಕೂತಿತು. ಅಂದರೆ ನಾವು ಬೋರಾನ್-12ನ್ನೇ ನೋಡುತ್ತಿದ್ದೇವೆ. ಆ ಸಂಜೆ ತುಂಬಾ ಖುಷಿಯಾಗಿದ್ದೆ.

ಆದರೆ ವಕ್ರರೇಖೆಯ ಬಾಲ ಸೊನ್ನೆಗೆ ಇಳಿಯಲಿಲ್ಲ. ಬೀಮ್ ಪೂರ್ತಿ ನಿಲ್ಲಿಸಿದ ಮೇಲೂ ಎಣಿಕೆ ಇತ್ತು, ಅದು 10 ನಿಮಿಷಕ್ಕೆ ಅರ್ಧವಾಗುತ್ತಿತ್ತು. ಅದು ನೈಟ್ರೋಜನ್-13. ಪಂಪ್‌ನ ಎಣ್ಣೆಯಿಂದ ಟಾರ್ಗೆಟ್ ಮೇಲೆ ಕಾರ್ಬನ್ ಕೂತಿತ್ತು, ಡ್ಯೂಟೆರಾನ್ ಅದಕ್ಕೆ ಬಡಿದು ಇದನ್ನು ಹುಟ್ಟಿಸುತ್ತಿತ್ತು. ಅದರ ಬೀಟಾ ಶಕ್ತಿ ಹೆಚ್ಚೆಂದರೆ 1.2 ಎಂಇವಿ, ಬೋರಾನ್-12ರದು 13.4ರವರೆಗೆ. ದಪ್ಪ ಸಿಂಟಿಲೇಟರ್‌ನ ಮಿತಿಯನ್ನು (ಅದಕ್ಕಿಂತ ಕಡಿಮೆ ಶಕ್ತಿ ಬಂದರೆ ಎಣಿಸುವುದಿಲ್ಲ) 3 ಎಂಇವಿಗೆ ಏರಿಸಿದೆ. ಬಾಲ ಹೋಯಿತು. ಪಂಪ್ ಮುಂದೆ ದ್ರವ ನೈಟ್ರೋಜನ್ ಟ್ರ್ಯಾಪ್ ಕೂಡ ಹಾಕಿದೆ.

ಜೂನ್ 2. ಸುಳ್ಳು ಸಿಗ್ನಲ್

ಈ ದಾಖಲೆಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ರೇಡಿಯೋ ಅಲೆ ಆನ್ ಮಾಡಿದೆ, ಮೇಲೆ-ಕೆಳಗಿನ ಅನುಪಾತ 3.5 ಶೇಕಡಾ ಬದಲಾಯಿತು. ಆಫ್ ಮಾಡಿದೆ, ವಾಪಸ್ ಬಂತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೇ. ರಾತ್ರಿ 11 ಗಂಟೆಗೆ ಪ್ರೊಫೆಸರ್‌ಗೆ "ಪೋಲರೈಸೇಶನ್ ಕಂಡಿತು" ಅಂತ ಬರೆದುಬಿಟ್ಟೆ. ಬೆಳಿಗ್ಗೆ ಅವರು ಬಂದು ಒಂದೇ ಪ್ರಶ್ನೆ ಕೇಳಿದರು. "ಫ್ರೀಕ್ವೆನ್ಸಿ ಬೇಕೆಂದೇ ತಪ್ಪಾಗಿಟ್ಟು ನೋಡಿದಿರಾ?"

ನೋಡಿರಲಿಲ್ಲ. 600 ಗಾಸ್‌ಗೆ ಬೋರಾನ್-12 ಪಲ್ಟಿಯಾಗಬೇಕಾದ ಫ್ರೀಕ್ವೆನ್ಸಿ 459 ಕಿಲೋಹರ್ಟ್ಜ್. ಅದನ್ನು 700ಕ್ಕೆ ಇಟ್ಟೆ. ಅಲ್ಲಿ ಏನೂ ಆಗಬಾರದು. ಆದರೆ ಅದೇ 3.5 ಶೇಕಡಾ ಬದಲಾವಣೆ ಬಂತು.

ಅದು ಸ್ಪಿನ್ ಅಲ್ಲವೇ ಅಲ್ಲ. ನಾನು ಎಣಿಕೆ ನಡೆಯುವಾಗಲೂ ರೇಡಿಯೋ ಅಲೆಯನ್ನು ಆನ್ ಇಟ್ಟಿದ್ದೆ. ಅದು ಕೆಳಗಿನ ಕೌಂಟರ್‌ನ ಕೇಬಲ್‌ಗೆ ನುಗ್ಗಿ ಸಿಗ್ನಲ್‌ನ ಮಟ್ಟವನ್ನು ಅಲುಗಾಡಿಸುತ್ತಿತ್ತು. ಮಿತಿಯ ಹತ್ತಿರದ ಕೆಲವು ಎಣಿಕೆಗಳು ತಪ್ಪಿಹೋಗುತ್ತಿದ್ದವು. ಮೇಲಿನ ಕೇಬಲ್ ದೂರದಲ್ಲಿ ಹಾದುಹೋಗಿತ್ತು, ಅದಕ್ಕೆ ಏನೂ ಆಗಿರಲಿಲ್ಲ.

ಅವತ್ತೇ ಮೂರು ಬದಲಾವಣೆ ಮಾಡಿದೆ. ಕೇಬಲ್‌ಗಳಿಗೆ ತಾಮ್ರದ ಜಾಲರಿ ಸುತ್ತಿ ಒಂದೇ ಜಾಗದಲ್ಲಿ ಅರ್ತ್ ಮಾಡಿದೆ. ಕಾಲದ ಕ್ರಮ ಬದಲಿಸಿದೆ: 20 ಮಿಲಿಸೆಕೆಂಡ್ ಬೀಮ್, 5 ಮಿಲಿಸೆಕೆಂಡ್ ರೇಡಿಯೋ ಅಲೆ, 1 ಮಿಲಿಸೆಕೆಂಡ್ ವಿರಾಮ, ಆಮೇಲೆ 34 ಮಿಲಿಸೆಕೆಂಡ್ ಎಣಿಕೆ. ಮತ್ತೆ, ಆನ್-ಆಫ್ ಹೋಲಿಕೆಯನ್ನೇ ಬಿಟ್ಟೆ. ಅಲೆ ಯಾವಾಗಲೂ ಆನ್. ಒಂದು ಸುತ್ತಿನಲ್ಲಿ ಸರಿಯಾದ ಫ್ರೀಕ್ವೆನ್ಸಿ, ಮುಂದಿನ ಸುತ್ತಿನಲ್ಲಿ ಬೇಕೆಂದೇ ತಪ್ಪಾದದ್ದು. ಎರಡರಲ್ಲೂ ಗದ್ದಲ ಒಂದೇ ಇರುತ್ತದೆ, ಸ್ಪಿನ್ ಮಾತ್ರ ಬೇರೆ.

ಪ್ರೊಫೆಸರ್‌ಗೆ ಹಿಂದಿನ ರಾತ್ರಿಯ ಮಾತು ತಪ್ಪು ಅಂತ ಬರೆದು ಕಳಿಸಿದೆ. 3.5 ಶೇಕಡಾ ಸೊನ್ನೆಗೆ ಬಂತು. 0.2, ತಪ್ಪಿನ ಅಳತೆ 0.5.

ಜೂನ್ 9ರಿಂದ 16. ಒಂದು ವಾರ ಸೊನ್ನೆ

ಈಗ ಸುಳ್ಳು ಸಿಗ್ನಲ್ ಇಲ್ಲ, ನಿಜದ್ದೂ ಇಲ್ಲ. 440ರಿಂದ 480 ಕಿಲೋಹರ್ಟ್ಜ್‌ವರೆಗೆ 5 ಮಿಲಿಸೆಕೆಂಡ್‌ನಲ್ಲಿ ಅಲೆಯನ್ನು ಎಳೆಯುತ್ತಿದ್ದೆ. ಈ ದಾರಿಯಲ್ಲಿ ಎಲ್ಲೋ 459 ಸಿಕ್ಕೇ ಸಿಗಬೇಕು, ಸ್ಪಿನ್‌ಗಳೆಲ್ಲ ಮಗುಚಿಕೊಳ್ಳಬೇಕು. ಏನೂ ಇಲ್ಲ. ಫಾಯಿಲ್ ತೆಗೆದು ನೋಡಿದೆ. ಅಲೆಯ ಕರೆಂಟ್ ಅಳೆದೆ, 2 ಆಂಪಿಯರ್ ಇತ್ತು. ಸೀಳಿನ ಕೋನ ಮತ್ತೆ ಅಳೆದೆ. ಎಲ್ಲಾ ಸರಿ. ವಿಚಿತ್ರ ಅಂದರೆ ಬೆಳಿಗ್ಗೆಯ ಮೊದಲ ಅರ್ಧ ಗಂಟೆಯಲ್ಲಿ ಏನೋ ಸ್ವಲ್ಪ ಇದ್ದ ಹಾಗೆ ಅನ್ನಿಸುತ್ತಿತ್ತು. ಅದನ್ನು ಎಣಿಕೆಯ ಏರಿಳಿತ ಅಂತ ತಳ್ಳಿಹಾಕಿದೆ. ದೊಡ್ಡ ತಪ್ಪು ಅದೇ.

16ರ ಸಂಜೆ ಸುಮ್ನೆ ಕಾಂತ ಕ್ಷೇತ್ರ ಅಳೆಯುವ ಹಾಲ್ ಪ್ರೋಬ್ ಅನ್ನು ಧ್ರುವದ ನಡುವೆ ಬಿಟ್ಟು ನೋಡಿದೆ. 538 ಗಾಸ್. ಬೆಳಿಗ್ಗೆ 600 ಇದ್ದದ್ದು! ಓಡಿಹೋಗಿ ಪವರ್ ಸಪ್ಲೈ ನೋಡಿದೆ. ಕಾಯಿಲ್ ಬಿಸಿಯಾದ ಹಾಗೆ ಅದರ ರೆಸಿಸ್ಟೆನ್ಸ್ 1.75ರಿಂದ 2.06 ಓಮ್‌ಗೆ ಏರಿತ್ತು. 6.5 ಆಂಪಿಯರ್ ಹರಿಸಲು 13 ವೋಲ್ಟ್‌ಗೂ ಮೇಲೆ ಬೇಕು. ನಾನು ವೋಲ್ಟೇಜ್ ಮಿತಿಯನ್ನು 12ಕ್ಕೆ ಇಟ್ಟಿದ್ದೆ. ಸಪ್ಲೈ ತಾನಾಗಿಯೇ ಸ್ಥಿರ ಕರೆಂಟ್‌ನಿಂದ ಸ್ಥಿರ ವೋಲ್ಟೇಜ್‌ಗೆ ಜಾರಿತ್ತು, ಕರೆಂಟ್ 5.8ಕ್ಕೆ ಇಳಿದಿತ್ತು. 538 ಗಾಸ್ ಅಂದರೆ 411 ಕಿಲೋಹರ್ಟ್ಜ್. ನಾನು ಇಡೀ ವಾರ ಹುಡುಕಿದ್ದು 440ರ ಮೇಲೆ.

ಸಪ್ಲೈನ ಮುಂಭಾಗದ ಪುಟ್ಟ ದೀಪ ಸ್ಥಿರ ವೋಲ್ಟೇಜ್ ಕಡೆ ಉರಿಯುತ್ತಿತ್ತು. ಅದರ ಮೇಲೆ ನನ್ನದೇ ಜಾಕೆಟ್ ನೇತುಹಾಕಿದ್ದೆ.

ಅಪ್ಪನಿಗೆ ಹೇಳಿದರೆ, "ಬಿಸಿ ಆದ್ಮೇಲೆ ಆಂಪಿಯರ್ ನೋಡ್ಲಿಲ್ವೇನಮ್ಮ? ತಣ್ಣಗಿರೋ ಮೋಟಾರು ಎಲ್ಲಾ ಚೆನ್ನಾಗೇ ಓಡ್ತವೆ" ಅಂದರು. ಮಿತಿಯನ್ನು 18 ವೋಲ್ಟ್‌ಗೆ ಏರಿಸಿದೆ. ಎರಡು ಫ್ಯಾನ್ ಇಟ್ಟೆ. ಹಾಲ್ ಪ್ರೋಬ್ ಈಗ ಅಲ್ಲೇ ಖಾಯಂ, ನಿಮಿಷಕ್ಕೊಮ್ಮೆ ಅಳತೆ ಫೈಲ್‌ಗೆ ಹೋಗುತ್ತದೆ.

ಜೂನ್ 19. ಕಂಡಿತು

ಕಾಯಿಲ್ ಎರಡು ಗಂಟೆ ಬಿಸಿಯಾಗಲು ಬಿಟ್ಟು ಶುರು ಮಾಡಿದೆ. 440-480ರಲ್ಲಿ ಅನುಪಾತ 8.4 ಶೇಕಡಾ ಬದಲಾಯಿತು, ತಪ್ಪಿನ ಅಳತೆ 0.6. ತಪ್ಪು ಫ್ರೀಕ್ವೆನ್ಸಿಯಲ್ಲಿ ಸೊನ್ನೆ. 10 ಕಿಲೋಹರ್ಟ್ಜ್‌ನ ತುಂಡು ಮಾಡಿ ಹುಡುಕಿದೆ. 454-464ರ ತುಂಡಿನಲ್ಲಿ ಮಾತ್ರ ಬಂತು. ಈ ಸಲ ಯಾರಿಗೂ ಬರೆಯುವ ಮೊದಲು ಮ್ಯಾಗ್ನೆಟ್ ಕರೆಂಟ್ ಅನ್ನು 6.0 ಆಂಪಿಯರ್‌ಗೆ ಇಳಿಸಿದೆ. ಸಿಗ್ನಲ್ 459ರಿಂದ ಹೊರಟು 423ರ ಹತ್ತಿರ ಹೋಗಿ ಕೂತಿತು. ಅಲ್ಲಿಯೇ ಇರಬೇಕಿತ್ತು.

ಅನುಪಾತದ ಬದಲಾವಣೆಯನ್ನು ನಾಲ್ಕರಿಂದ ಭಾಗಿಸಿದರೆ ಪೋಲರೈಸೇಶನ್. ಅಂದರೆ 2.1 ಶೇಕಡಾ. ಇದು ಕಡಿಮೆ.

ಜೂನ್ 20ರಿಂದ 27. ಎಲ್ಲಿ ಸೋರುತ್ತಿದೆ?

ಫಾಯಿಲ್ ಮುಂದೆ ಮುಚ್ಚಳ ಅಡ್ಡ ಹಿಡಿದೆ. ಎಣಿಕೆ ಸೊನ್ನೆಗೆ ಹತ್ತಿರ ಬರಬೇಕಿತ್ತು. 43 ಶೇಕಡಾ ಹಾಗೇ ಉಳಿಯಿತು! ಟಾರ್ಗೆಟ್‌ನಲ್ಲೇ ಸಿಕ್ಕಿಕೊಂಡ ಬೋರಾನ್-12ರ ಬೀಟಾ ನೇರವಾಗಿ ಕೌಂಟರ್‌ಗೆ ಬರುತ್ತಿತ್ತು. ಟಾರ್ಗೆಟ್‌ನ ಮೇಲೂ ಕೆಳಗೂ 10 ಮಿ.ಮೀ. ಹಿತ್ತಾಳೆ ಗೋಡೆ ಕಟ್ಟಿದೆ. ಕಬ್ಬಿಣ ಹಾಕಿದರೆ ಕಾಂತ ಕ್ಷೇತ್ರ ಕೆಡುತ್ತದೆ, ಅದಕ್ಕೆ ಹಿತ್ತಾಳೆ. 43 ಇದ್ದದ್ದು 12ಕ್ಕೆ ಇಳಿಯಿತು, ಪೋಲರೈಸೇಶನ್ 3.3ಕ್ಕೆ ಏರಿತು.

ಆಮೇಲೆ ಫಾಯಿಲ್. ಬೋರಾನ್-12 ಪ್ಲಾಟಿನಂ ಒಳಗೆ ಹೋಗುವುದು ಮೈಕ್ರಾನ್‌ನ ಒಂದು ಪಾಲಿನಷ್ಟೇ. ಪಂಪ್ ಎಣ್ಣೆಯ ಪೊರೆ ಮೇಲ್ಮೈಯಲ್ಲಿದ್ದರೆ ಒಂದಷ್ಟು ಆ ಕೊಳೆಯಲ್ಲೇ ನಿಲ್ಲುತ್ತವೆ. ಹೊರತೆಗೆದು ಬೆಳಕಿಗೆ ಓರೆ ಹಿಡಿದಾಗ ಬೀಮ್ ಕಡೆಯ ಮುಖದಲ್ಲಿ ತೆಳ್ಳಗೆ ಹಳದಿ ಛಾಯೆ ಕಂಡಿತು. ಅಸಿಟೋನ್‌ನಲ್ಲಿ ತೊಳೆದು, ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ವಾಪಸ್ ಹಾಕಿದೆ. 5.2 ಶೇಕಡಾ. ಈ ಕೆಲಸಕ್ಕೆ ಅರ್ಧ ದಿನ ಸಾಕಾಯಿತು, ಮೊದಲ ದಿನವೇ ಮಾಡಬಹುದಿತ್ತು.

ಒಟ್ಟು ಖರ್ಚು 1 ಲಕ್ಷ 40 ಸಾವಿರ ಯೆನ್: ತಂತಿ 26, ಫಾಯಿಲ್ 32, ಅಲ್ಯೂಮಿನಿಯಂ 18, ಕಬ್ಬಿಣದ ಪೈಪ್ 9, ವ್ಯಾಕ್ಯೂಮ್ ಬಿಡಿಭಾಗ 41, ಕೆಪಾಸಿಟರ್ ಕೇಬಲ್ ಇತ್ಯಾದಿ 14 ಸಾವಿರ. ಬೋರಾನ್, ಕೌಂಟರ್, ಮ್ಯೂ-ಮೆಟಲ್ ಲ್ಯಾಬ್‌ನಲ್ಲೇ ಇದ್ದವು.

ಜೂನ್ 30. ಎಡ, ಬಲ

ಕೊನೆಯ ಪರೀಕ್ಷೆ. ನಿಜವಾಗಿಯೂ ಇದು ರಿಯಾಕ್ಷನ್‌ನಿಂದ ಬಂದ ಪೋಲರೈಸೇಶನ್ ಆಗಿದ್ದರೆ ಸೀಳನ್ನು ಬಲಕ್ಕೆ ಹಾಕಿದಾಗ ಚಿಹ್ನೆ ತಿರುಗಬೇಕು. ಕೇಬಲ್, ಕೌಂಟರ್, ಮ್ಯಾಗ್ನೆಟ್ ಯಾವುದನ್ನೂ ಮುಟ್ಟಲಿಲ್ಲ. ಟಾರ್ಗೆಟ್ ಹೋಲ್ಡರ್, ಸೀಳು, ಹಿತ್ತಾಳೆ ಗೋಡೆಗಳನ್ನು ಕನ್ನಡಿಯ ಬಿಂಬದ ಹಾಗೆ ಬಲಕ್ಕೆ ತಿರುಗಿಸಿದೆ. ಜೋಡಿಸಲು ಐದು ಗಂಟೆ, ವ್ಯಾಕ್ಯೂಮ್ ಇಳಿಯಲು ಇನ್ನೂ ನಾಲ್ಕು.

ರಾತ್ರಿ ಒಂದೂವರೆಗೆ ಬೀಮ್ ಬಂತು. ಎಡಕ್ಕಿದ್ದಾಗ ಅನುಪಾತ ಬದಲಾದದ್ದು ಮೈನಸ್ 20.8 ಶೇಕಡಾ. ಬಲಕ್ಕೆ ಪ್ಲಸ್ 19.6. ಎರಡಕ್ಕೂ ತಪ್ಪಿನ ಅಳತೆ 0.9.

ಮುಂದಿನದು ಲಿಥಿಯಂ-8. ಅದರ ಅರ್ಧಾಯು 0.84 ಸೆಕೆಂಡ್, ಹಾಗಾಗಿ ಕಾಲದ ಕ್ರಮ ಪೂರ್ತಿ ಬದಲಿಸಬೇಕು. ಲಿಥಿಯಂ ಟಾರ್ಗೆಟ್ ಗಾಳಿಗೆ ತಾಗದ ಹಾಗೆ ಒಳಗೆ ಕೂರಿಸಬೇಕು. ಅದಕ್ಕೆ ಪೆಟ್ಟಿಗೆ ಮಾಡಿಸಲು ವರ್ಕ್‌ಶಾಪ್‌ಗೆ ಚಿತ್ರ ಕೊಟ್ಟು ಬಂದಿದ್ದೇನೆ.